ಉಪ್ಪಿನ ಬಯಲನ್ನು ಅಂಚಿನಿಂದ ಓದುವ ಬಗೆ: ಡೆತ್ ವ್ಯಾಲಿಯ ಖನಿಜಗಳಿಗೊಂದು ಕೈಪಿಡಿ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಹೋದವರಲ್ಲಿ ಹೆಚ್ಚಿನವರು ಬ್ಯಾಡ್‌ವಾಟರ್ ಬಳಿ ಕಾರು ನಿಲ್ಲಿಸಿ, ಸಾವಿರಾರು ಜನ ತುಳಿದು ನುಣುಪಾದ ಬಿಳಿ ದಾರಿಯಲ್ಲಿ ಅರ್ಧ ಗಂಟೆ ನಡೆದು, ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ ನಿಂತ ಚಿತ್ರವೊಂದನ್ನು ತೆಗೆಸಿಕೊಂಡು ಹಿಂದಿರುಗುತ್ತಾರೆ. ಮೊದಲ ಭೇಟಿಯಲ್ಲಿ ನಾನು ಮಾಡಿದ್ದೂ ಅಷ್ಟೇ. ಕಂಡದ್ದೆಲ್ಲ ಅಡುಗೆ ಉಪ್ಪು ಎಂದುಕೊಂಡು ಬಂದೆ. ಎರಡನೆಯ ಸಲ ಬಯಲಿನ ಅಂಚಿನಿಂದ ನಡೆಯತೊಡಗಿದ ಮೇಲೆಯೇ, ದೂರದಿಂದ ಒಂದೇ ಬಿಳುಪಾಗಿ ಕಾಣುವ ಆ ನೆಲದಲ್ಲಿ ಐದಾರು ಬಗೆಯ ಖನಿಜಗಳಿವೆ, ಪ್ರತಿಯೊಂದೂ ತನ್ನ ಸರದಿ ಬಂದಾಗ ನೀರನ್ನು ಬಿಟ್ಟು ನೆಲಕ್ಕಿಳಿದಿದೆ ಎಂಬುದು ನನಗೆ ತಿಳಿದದ್ದು.

ಬಾಳೆಲೆಯ ಮೇಲೆ ಉಪ್ಪು ಎಲ್ಲಕ್ಕಿಂತ ಮೊದಲು ಬೀಳುತ್ತದೆ. ಮರುಭೂಮಿಯ ಬಯಲಿನಲ್ಲಿ ಕ್ರಮ ತಿರುವುಮುರುವು: ಅಲ್ಲಿ ಅಡುಗೆ ಉಪ್ಪು ಬಡಿಸುವುದು ಕಡೆಗೆ, ಅದೂ ನಟ್ಟನಡುವೆ. ಅದಕ್ಕೂ ಮುಂಚೆ ಬಡಿಸಿದ್ದನ್ನು ನೋಡಬೇಕಾದರೆ ಅಂಚಿನಿಂದ ಆರಂಭಿಸಬೇಕು. ಹೇಗೆ ನಡೆಯಬೇಕು, ಎಲ್ಲಿ ಬಗ್ಗಿ ನೋಡಬೇಕು, ನೋಡಿದ್ದನ್ನು ಮನೆಗೆ ಬಂದು ಒಂದು ತಟ್ಟೆಯಲ್ಲಿ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಸರದಿಯ ಲೆಕ್ಕ

ಹೊರಡುವ ಮೊದಲು ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಶುದ್ಧ ನೀರಿನಲ್ಲಿ ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲಿನ ಖನಿಜ, ಒಂದು ಗ್ರಾಮಿನ ನೂರರಲ್ಲಿ ಒಂದೆರಡು ಭಾಗದಷ್ಟು ಮಾತ್ರ ಕರಗುತ್ತದೆ. ಜಿಪ್ಸಂ, ಅಂದರೆ ನೀರು ಸೇರಿದ ಕ್ಯಾಲ್ಸಿಯಂ ಸಲ್ಫೇಟ್, ಸುಮಾರು 2.4 ಗ್ರಾಂ ಕರಗುತ್ತದೆ. ಹಾಲೈಟ್, ಅಂದರೆ ನಾವು ತಿನ್ನುವ ಉಪ್ಪು, ಸುಮಾರು 360 ಗ್ರಾಂ ಕರಗುತ್ತದೆ. ಬೆಟ್ಟದಿಂದ ಇಳಿದು ಬಂದ ನೀರು ಆವಿಯಾಗುತ್ತ ಗಟ್ಟಿಯಾಗುವಾಗ ಕರಗುವ ಶಕ್ತಿ ಅತಿ ಕಡಿಮೆಯಿರುವ ಕ್ಯಾಲ್ಸೈಟ್ ಮೊದಲು ಹೊರಬೀಳುತ್ತದೆ, ಆಮೇಲೆ ಜಿಪ್ಸಂ, ಹಾಲೈಟ್ ತುಂಬ ತಡವಾಗಿ. ಸಮುದ್ರದ ನೀರನ್ನು ಉದಾಹರಣೆಗೆ ತೆಗೆದುಕೊಂಡರೆ, ಅದು ಮೂರೂವರೆ ಪಟ್ಟು ಸಾಂದ್ರವಾದಾಗ ಜಿಪ್ಸಂ ಬೀಳತೊಡಗುತ್ತದೆ, ಹತ್ತು ಹನ್ನೊಂದು ಪಟ್ಟು ಸಾಂದ್ರವಾದಾಗ ಉಪ್ಪು ಹರಳುಗಟ್ಟುತ್ತದೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಹದಕ್ಕೆ ತರುವುದರ ಹಿಂದೆ ಇರುವುದೂ ಇದೇ ಲೆಕ್ಕ.

ಡೆತ್ ವ್ಯಾಲಿಯಲ್ಲಿ ಈ ಲೆಕ್ಕವನ್ನು ನಡೆಸುವುದು ಬಿಸಿಲು. ಕಣಿವೆಯ ತಳದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 5 ಸೆಂಟಿಮೀಟರ್. ತೆರೆದ ನೀರಿನಿಂದ ಆವಿಯಾಗಿ ಹೋಗಬಲ್ಲದ್ದು ಹೆಚ್ಚುಕಡಿಮೆ 3.8 ಮೀಟರ್. ನೆವಾಡಾದ ಕಡೆಯಿಂದ ಅಮರ್ಗೋಸಾ ನದಿ ಬಹುಪಾಲು ಮರಳಿನ ಅಡಿಯಲ್ಲೇ ಹರಿದು ಇಲ್ಲಿಗೆ ಬರುತ್ತದೆ, ಬೆಟ್ಟದ ಬುಡದ ಬುಗ್ಗೆಗಳು ಸೇರುತ್ತವೆ, ಆದರೆ ಹೊರಗೆ ಹೋಗುವ ದಾರಿ ಒಂದೂ ಇಲ್ಲ. ನೀರು ಮೇಲಕ್ಕೆ ಹೋಗುತ್ತದೆ, ಅದು ಹೊತ್ತು ತಂದದ್ದು ಕೆಳಗೆ ಉಳಿಯುತ್ತದೆ. ಇದು ನಿನ್ನೆ ಮೊನ್ನೆಯ ಕತೆಯಲ್ಲ: 1993ರಲ್ಲಿ ಬ್ಯಾಡ್‌ವಾಟರ್ ತಗ್ಗಿನಲ್ಲಿ 186 ಮೀಟರ್ ಆಳಕ್ಕೆ ಕೊರೆದು ತೆಗೆದ ಮಾದರಿಯಲ್ಲಿ ಸುಮಾರು ಎರಡು ಲಕ್ಷ ವರ್ಷಗಳ ಉಪ್ಪು ಮತ್ತು ಕೆಸರಿನ ಪದರಗಳು ಒಂದರ ಮೇಲೊಂದು ಸಿಕ್ಕಿವೆ. ಹಿಮಯುಗದಲ್ಲಿ ಇಲ್ಲಿ ಮ್ಯಾನ್ಲಿ ಎಂಬ ಹೆಸರಿನ, ಸುಮಾರು 180 ಮೀಟರ್ ಆಳದ ಸರೋವರವೇ ಇತ್ತು. ಈಗ ಕಾಣುವ ಉಪ್ಪಿನ ಹೆಚ್ಚಿನ ಭಾಗ ಬಹಳ ಈಚಿನದು. ಎರಡರಿಂದ ನಾಲ್ಕು ಸಾವಿರ ವರ್ಷಗಳ ಹಿಂದೆ ಇದ್ದ, ಸುಮಾರು 9 ಮೀಟರ್ ಆಳದ ಕೆರೆಯೊಂದು ಬತ್ತಿದಾಗ ಉಳಿದದ್ದು.

ಹೋಗುವ ಮುನ್ನ

ನವೆಂಬರಿನಿಂದ ಮಾರ್ಚಿಯವರೆಗೆ ಮಾತ್ರ ಹೋಗಿ. ಇದೇ ಕಣಿವೆಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಬೇಸಿಗೆಯಲ್ಲಿ ಖನಿಜ ನೋಡುವ ಉತ್ಸಾಹ ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಮುಗಿದಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ, ಪಾದದ ಗಂಟನ್ನು ಮುಚ್ಚುವ ಬೂಟು, ಒಬ್ಬರಿಗೆ ನಾಲ್ಕು ಲೀಟರಿಗೆ ಕಡಿಮೆಯಿಲ್ಲದ ಕುಡಿಯುವ ನೀರು, ಬಿಳುಪಿನ ಮೇಲೆ ಕಣ್ಣು ನೋಯದಂತೆ ಕಪ್ಪು ಕನ್ನಡಕ, ಮತ್ತು ಚಿತ್ರಗಳಲ್ಲಿ ಅಳತೆಗಾಗಿ ಇಡಲು ಒಂದು ನಾಣ್ಯ: ಇಷ್ಟು ಸಾಕು.

ಸುತ್ತಿಗೆ, ಆಮ್ಲದ ಸೀಸೆ, ಮಾದರಿ ತುಂಬಿಸುವ ಚೀಲ ಇವನ್ನು ಮನೆಯಲ್ಲೇ ಬಿಡಿ. ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಒಂದು ಹರಳನ್ನೂ ತರುವಂತಿಲ್ಲ, ನೆಲದ ಮೇಲೆ ಏನನ್ನೂ ಸುರಿಯುವಂತಿಲ್ಲ. ಆದ್ದರಿಂದ ಅಲ್ಲಿ ಕೆಲಸ ಕಣ್ಣಿನದು, ಕೈಯ ಕೆಲಸ ಬೇರೆಡೆ. ನಾಲಿಗೆಯ ಕೆಲಸವಂತೂ ಎಲ್ಲಿಯೂ ಬೇಡ. ಹಳೆಯ ಖನಿಜ ಶೋಧಕರು ರುಚಿ ನೋಡಿಯೇ ಗುರುತಿಸುತ್ತಿದ್ದರೆಂಬುದು ನಿಜ, ಆದರೆ ಒಳನಾಡಿನ ಉಪ್ಪುನೀರಿನಲ್ಲಿ ಬೋರಾನ್ ಮತ್ತು ಆರ್ಸೆನಿಕ್ ಕೂಡ ಸಾಂದ್ರವಾಗುತ್ತವೆ.

ಅಂಚಿನಿಂದ ನಡುವಿಗೆ

ಕಣಿವೆಯ ತಳ ಪೂರ್ವಕ್ಕೆ ವಾಲಿದೆ. ಹಾಗಾಗಿ ಬ್ಯಾಡ್‌ವಾಟರ್ ರಸ್ತೆಯಿರುವ ಪೂರ್ವದ ಅಂಚಿನಲ್ಲಿ ವಲಯಗಳು ಒಂದಕ್ಕೊಂದು ಒತ್ತಿಕೊಂಡು ಇಕ್ಕಟ್ಟಾಗಿವೆ, ಪಶ್ಚಿಮದ ಕಡೆ ಅಗಲವಾಗಿ ಹರಡಿವೆ. ಸಮಯವಿದ್ದರೆ ಪಶ್ಚಿಮದ ಬದಿಯ ಮಣ್ಣುರಸ್ತೆಯಿಂದ ಆರಂಭಿಸುವುದು ಮೇಲು. ಹೊರಡುವ ಮುನ್ನ ಆ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು, ಏಕೆಂದರೆ ಮಳೆಯ ಮರುದಿನ ಅದು ರಸ್ತೆಯಾಗಿ ಉಳಿದಿರುವುದಿಲ್ಲ.

ಮೊದಲು ಗಿಡಗಳನ್ನು ನೋಡಿ. ನೆಲದಡಿಯ ನೀರು ಎಷ್ಟು ಉಪ್ಪಾಗಿದೆ ಎಂಬುದನ್ನು ಅವು ಯಾವ ಉಪಕರಣವೂ ಇಲ್ಲದೆ ಹೇಳುತ್ತವೆ. ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟನಾದ ಮೆಸ್ಕೀಟ್ ಇರುವಲ್ಲಿ ನೀರು ಇನ್ನೂ ಸಾಕಷ್ಟು ಸಿಹಿ. ಅದರಿಂದ ಕೆಳಗೆ, ನೇರವಾದ ಕಡ್ಡಿಗಳ ಆರೋವೀಡ್ ಪೊದೆಗಳು. ಕೊನೆಯ ಸಾಲಿನಲ್ಲಿ, ಗೆಣ್ಣು ಗೆಣ್ಣಾದ ದಪ್ಪ ಕಾಂಡದ ಪಿಕಲ್‌ವೀಡ್. ಅದರಾಚೆಗೆ ಗಿಡವೇ ಇಲ್ಲ. ಪಿಕಲ್‌ವೀಡ್ ಮುಗಿದಲ್ಲಿ ನಿಂತು ಬಗ್ಗಿದರೆ ಮೊದಲ ವಲಯ ನಿಮ್ಮ ಕಾಲಡಿಯಲ್ಲಿದೆ.

ಈ ಮೊದಲ ವಲಯ ಕಾರ್ಬೊನೇಟಿನದು, ಮತ್ತು ನೋಟಕ್ಕೆ ಅತ್ಯಂತ ನೀರಸ. ಬೂದು ಬಣ್ಣದ ಮರಳು ಮತ್ತು ಹೂಳು, ಅದರ ಕಣಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕ್ಯಾಲ್ಸೈಟ್. ಉಪ್ಪೇ ಇಲ್ಲವಲ್ಲ ಎಂದು ಮುಂದೆ ಹೋಗುವವರೇ ಹೆಚ್ಚು. ಆದರೆ ಇಡೀ ಬಯಲಿನ ರಸಾಯನ ಯಾವ ಕಡೆಗೆ ತಿರುಗಬೇಕೆಂಬುದು ತೀರ್ಮಾನವಾಗುವುದು ಈ ಬೂದು ಮಣ್ಣಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದು ಸಲ್ಫೇಟಿನ ವಲಯ. ಇಲ್ಲಿ ನೆಲ ಹಪ್ಪಳದಂತೆ ಉಬ್ಬಿರುತ್ತದೆ. ಕಾಲಿಟ್ಟರೆ ಮೆಲ್ಲನೆ ಕುಸಿದು ಹಿಟ್ಟಿನ ಮೇಲೆ ನಡೆದ ಹಾಗಾಗುತ್ತದೆ. ಮುಖ್ಯ ಖನಿಜ ಜಿಪ್ಸಂ. ಉಗುರಿನಿಂದ ಗೀರಬಹುದಾದಷ್ಟು ಮೆದು, ಮಸೂರದಡಿ ಸೂಜಿಯಂತೆ ಅಥವಾ ಚಪ್ಪಟೆ ಹಲ್ಲೆಯಂತೆ ಕಾಣುತ್ತದೆ, ಒಡೆದ ಮೈ ರೇಷ್ಮೆಯಂತೆ ಮಿನುಗುತ್ತದೆ. ಜಿಪ್ಸಮ್ಮಿನ ಹರಳಿನೊಳಗೆ ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಇಲ್ಲಿನ ಬಿಸಿಲಿಗೆ ಮೇಲಿನ ಪದರದ ಜಿಪ್ಸಂ ಆ ನೀರನ್ನೂ ಕಳೆದುಕೊಂಡು ಬಸಾನೈಟ್ ಮತ್ತು ಅನ್‌ಹೈಡ್ರೈಟ್ ಆಗುತ್ತದೆ. ಜಿಪ್ಸಮ್ಮನ್ನು ಕುಲುಮೆಯಲ್ಲಿ ಹುರಿದು ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾಡುವ ಕಾರ್ಖಾನೆಯ ಕೆಲಸವನ್ನು ಇಲ್ಲಿ ಸೂರ್ಯನೇ ಬಿಟ್ಟಿಯಾಗಿ ಮಾಡುತ್ತಾನೆ. ಬಸಾನೈಟ್ ಎಂದರೆ ಅದೇ ಪ್ಲಾಸ್ಟರ್.

ಇದೇ ವಲಯದಲ್ಲಿ ಸೋಡಿಯಂ ಸಲ್ಫೇಟ್ ಎರಡು ವೇಷಗಳಲ್ಲಿ ಸಿಗುತ್ತದೆ, ಮತ್ತು ನನ್ನ ಮಟ್ಟಿಗೆ ಇಡೀ ಬಯಲಿನಲ್ಲಿ ಇದಕ್ಕಿಂತ ಸೊಗಸಾದ ಖನಿಜವಿಲ್ಲ. ನೀರಿಲ್ಲದ ರೂಪ ತೆನಾರ್ಡೈಟ್. ಪ್ರತಿ ಅಣುವಿಗೆ ಹತ್ತು ನೀರಿನ ಅಣುಗಳನ್ನು ಕಟ್ಟಿಕೊಂಡ ರೂಪ ಮಿರಾಬಿಲೈಟ್. ಶುದ್ಧ ದ್ರಾವಣದಲ್ಲಿ 32.4 ಡಿಗ್ರಿ ಸೆಲ್ಸಿಯಸ್ ಇವೆರಡರ ನಡುವಿನ ಗಡಿ. ಅಡುಗೆ ಉಪ್ಪು ಬೆರೆತ ನೀರಿನಲ್ಲಿ ಗಡಿ ಇನ್ನೂ ಕೆಳಗಿಳಿಯುತ್ತದೆ. ಚಳಿಗಾಲದ ರಾತ್ರಿ ತೇವಗೊಂಡು ಮಿರಾಬಿಲೈಟ್ ಆಗುವುದು, ಹಗಲಿನ ಬಿಸಿಲಿಗೆ ನೀರು ಬಿಟ್ಟು ಬಿಳಿ ಪುಡಿಯಾಗಿ ತೆನಾರ್ಡೈಟ್‌ಗೆ ಮರಳುವುದು, ಹೀಗೆ ನಡೆಯುತ್ತಿರುತ್ತದೆ. ನೀರು ಕಟ್ಟಿಕೊಂಡಾಗ ಅದರ ಗಾತ್ರ ನಾಲ್ಕು ಪಟ್ಟಾಗುತ್ತದೆ. ಅಂಚಿನ ಕಲ್ಲುಗಳ ಬಿರುಕಿನೊಳಗೆ ಈ ಉಬ್ಬಾಟ ವರ್ಷಗಟ್ಟಲೆ ನಡೆದರೆ ಕಲ್ಲು ಸೀಳಿ ಹೋಗುತ್ತದೆ. ಬೆಟ್ಟದ ಬುಡದಲ್ಲಿ ಗುಂಡಾಗಿಯೇ ಇರುವ ಕಲ್ಲುಗಳು ಬಯಲಿಗೆ ತಾಗಿದಲ್ಲಿ ಮಾತ್ರ ಬ್ರೆಡ್ ಕೊಯ್ದಂತೆ ಹಲ್ಲೆ ಹಲ್ಲೆಯಾಗಿ ನಿಂತಿರುವುದನ್ನು ಕಂಡರೆ, ಅಲ್ಲಿ ಉಪ್ಪಿನ ಬೆಣೆ ಕೆಲಸ ಮಾಡಿದೆ ಎಂದು ತಿಳಿಯಿರಿ.

ಈ ಉಬ್ಬಿದ ನೆಲದ ಅಡಿಯಲ್ಲಿ ಒದ್ದೆ ಕೆಸರಿರಬಹುದು. ನಾನು ಒಂದು ಕಡೆ ಮೊಣಕಾಲಿನವರೆಗೆ ಹೂತುಹೋಗಿ, ಕಾಲನ್ನು ಎಳೆದುಕೊಂಡಾಗ ಬೂಟು ಒಳಗೇ ಉಳಿದಿತ್ತು. ಅದನ್ನು ಕಿತ್ತು ತೆಗೆಯುವ ಹೊತ್ತಿಗೆ ಮುಂಗೈಯೆಲ್ಲ ತರಚಿ ಉಪ್ಪುನೀರು ಉರಿಯತೊಡಗಿತ್ತು. ಮೇಲ್ಪದರದ ಬಣ್ಣ ಒಮ್ಮೆಲೇ ಕಡುವಾದರೆ ಅದು ತೇವದ ಗುರುತು. ಅಲ್ಲಿಂದ ಹಿಂದಕ್ಕೆ ಸರಿಯಿರಿ.

ಮೂರನೆಯ ವಲಯ ಕ್ಲೋರೈಡಿನದು. ಜನ ನೋಡಲು ಬರುವ ಬಿಳಿ ಬಯಲು ಇದೇ. ಇದಕ್ಕೂ ಎರಡು ಮುಖಗಳಿವೆ. ಪ್ರವಾಹದ ನೀರು ಆಗಾಗ ಬಂದು ನಿಲ್ಲುವ ಬ್ಯಾಡ್‌ವಾಟರ್‌ನಂಥ ತಗ್ಗಿನಲ್ಲಿ ಉಪ್ಪು ಕರಗಿ ಮತ್ತೆ ಹರಳುಗಟ್ಟುತ್ತ ಹೊಸದಾಗಿ, ಸಮತಟ್ಟಾಗಿ, ಬೆಳ್ಳಗೆ ಇರುತ್ತದೆ. 2023ರ ಆಗಸ್ಟಿನಲ್ಲಿ ಹಿಲರಿ ಚಂಡಮಾರುತದ ಉಳಿಕೆ ಮಳೆ ಸುರಿದು ಇಲ್ಲಿ ತಿಂಗಳುಗಟ್ಟಲೆ ಕೆರೆಯೇ ನಿಂತಿತ್ತು. ಹಾಗಾದ ಮೇಲೆ ಹೋದವರು ತುಳಿದದ್ದು ಕೆಲವೇ ತಿಂಗಳು ವಯಸ್ಸಿನ ಉಪ್ಪನ್ನು. ನೀರು ಮುಟ್ಟದ ಎತ್ತರದಲ್ಲಿ, ಡೆವಿಲ್ಸ್ ಗಾಲ್ಫ್ ಕೋರ್ಸ್ ಎಂದು ಕರೆಯುವ ಜಾಗದಲ್ಲಿ, ಅದೇ ಉಪ್ಪು ಹೂಳಿನೊಂದಿಗೆ ಸೇರಿ ಕಂದುಬಣ್ಣದ, ಕತ್ತಿಯಲಗಿನಂಥ ಮೊನೆಗಳಾಗಿ ನಿಂತಿದೆ. ಮಳೆಯ ಹನಿಗಳು ಮೇಲಿನಿಂದ ಕೊರೆದು, ಅಡಿಯಿಂದ ಏರುವ ಉಪ್ಪುನೀರು ಬೆಳೆಸುತ್ತ ಆದ ಆಕಾರಗಳು ಅವು. ಅಲ್ಲಿ ಬಿದ್ದರೆ ಚರ್ಮ ಹರಿಯುತ್ತದೆ. ಕೈಬೀಸಿ ನಡೆಯುವ ಜಾಗವಲ್ಲ.

ಬ್ಯಾಡ್‌ವಾಟರ್‌ನಲ್ಲಿ ಮೊಣಕಾಲೂರಿ ಕೂತು ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು, ಮುಖವನ್ನೇ ನೆಲದತ್ತ ತನ್ನಿ. ಉಬ್ಬಿದ ಏಣಿನ ಮೇಲೆ, ಅರ್ಧ ಬೆರಳುದ್ದದ ಜಾಗದಲ್ಲಿ, ಕೂದಲಿಗಿಂತ ಸ್ವಲ್ಪ ದಪ್ಪದ ಬಿಳಿ ಎಳೆಗಳು ಗುಂಗುರಾಗಿ ಮೇಲೆದ್ದಿರುವುದು ಕಾಣುತ್ತದೆ. ಅವು ಹಾಲೈಟ್. ನೆಲದ ರಂಧ್ರದಿಂದ ಏರಿದ ಉಪ್ಪುನೀರು ಬಾಯಿಯಲ್ಲೇ ಆರಿದಾಗ ಹರಳು ಬುಡದಿಂದ ಬೆಳೆಯುತ್ತ ಹಳೆಯ ತುದಿಯನ್ನು ಮೇಲಕ್ಕೆ ತಳ್ಳುತ್ತದೆ, ಶಾವಿಗೆ ಒತ್ತಿದ ಹಾಗೆ. ಅಲ್ಲೇ ಪಕ್ಕದಲ್ಲಿ ನೀರು ನಿಂತು ಆರಿದ ಗುಳಿಯಿದ್ದರೆ, ಅದರಲ್ಲಿ ಅದೇ ಹಾಲೈಟ್ ಚಚ್ಚೌಕ ಘನವಾಗಿ ಬೆಳೆದಿರುತ್ತದೆ. ಕೆಲವು ಘನಗಳ ಮುಖ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ತಗ್ಗಿರುತ್ತದೆ. ಅಂಚುಗಳಿಗೆ ಉಪ್ಪು ಬೇಗ ಸಿಕ್ಕಿ, ನಡುವಿಗೆ ಸಿಗುವಷ್ಟರಲ್ಲಿ ಅಂಚು ಮುಂದೆ ಹೋಗಿಬಿಟ್ಟಿದೆ ಎಂದು ಅದರ ಅರ್ಥ. ಎಳೆ ಕಂಡರೆ ನೆಲದಡಿಯಿಂದ ಹೀರಿ ಬಂದ ನೀರು, ಘನ ಕಂಡರೆ ಮೇಲೆ ನಿಂತು ಆರಿದ ನೀರು: ಈ ಒಂದು ಗುರುತು ಎಲ್ಲ ಉಪ್ಪಿನ ಬಯಲುಗಳಲ್ಲೂ ನಡೆಯುತ್ತದೆ.

ಒಂದೆರಡು ಮೀಟರ್ ಅಗಲದ ಬಹುಭುಜಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆರೆಯ ಕೆಸರು ಒಣಗಿ ಬಿರಿದಂತೆ ಇವೂ ಬಿರುಕುಗಳೆಂದು ಬಹುಕಾಲ ನಂಬಲಾಗಿತ್ತು. ಆದರೆ ಹಾಗಿದ್ದರೆ ಬಿರುಕುಗಳ ನಡುವಿನ ಅಂತರ ಪದರದ ದಪ್ಪಕ್ಕೆ ತಕ್ಕಂತೆ ಬದಲಾಗಬೇಕಿತ್ತು. ಉಪ್ಪಿನ ಬಹುಭುಜಗಳು ಜಗತ್ತಿನ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಅಳತೆಯವು. ಬ್ಯಾಡ್‌ವಾಟರ್‌ನಲ್ಲಿ ಮತ್ತು ಕ್ಯಾಲಿಫೋರ್ನಿಯಾದ್ದೇ ಆದ ಬತ್ತಿದ ಓವೆನ್ಸ್ ಸರೋವರದಲ್ಲಿ ಅಳೆದು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಕಾರಣವನ್ನು ನೆಲದಡಿಯ ನೀರಿನಲ್ಲಿ ತೋರಿಸಿದೆ. ಮೇಲ್ಭಾಗದಲ್ಲಿ ಉಪ್ಪಾಗಿ ಭಾರವಾದ ನೀರು ಏಣುಗಳ ಅಡಿಯಲ್ಲಿ ಕೆಳಗಿಳಿಯುತ್ತದೆ, ನಡುಭಾಗದಲ್ಲಿ ಕಡಿಮೆ ಉಪ್ಪಿನ ನೀರು ಏರುತ್ತದೆ, ನೀರು ಹೆಚ್ಚು ಉಪ್ಪಾಗಿರುವ ಏಣಿನ ಮೇಲೆ ಉಪ್ಪು ಬೇಗ ಕೂಡುತ್ತದೆ. ಕುದಿಯುವ ಗಂಜಿಯ ಮೇಲೆ ಮೂಡುವ ಸುಳಿಗಳದೇ ಬಗೆ, ತಿಂಗಳು ವರ್ಷಗಳ ನಿಧಾನದಲ್ಲಿ.

ಬಿಳಿಗಾರದ ಹತ್ತಿ ಉಂಡೆ

ಫರ್ನೇಸ್ ಕ್ರೀಕ್‌ನ ಉತ್ತರಕ್ಕೆ ಹಾರ್ಮನಿ ಬೋರಾಕ್ಸ್ ಕಾರ್ಖಾನೆಯ ಅವಶೇಷವಿದೆ, ಅದನ್ನು ತಪ್ಪಿಸಬೇಡಿ. ಬೋರಾಕ್ಸ್ ಎಂದರೆ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಇಲ್ಲಿ ಸಿಕ್ಕದ್ದು ನೇರ ಬಿಳಿಗಾರವಲ್ಲ, ಯುಲೆಕ್ಸೈಟ್: ಸೋಡಿಯಂ ಮತ್ತು ಕ್ಯಾಲ್ಸಿಯಂ ಎರಡನ್ನೂ ಸೇರಿಸಿಕೊಂಡ ಬೋರೇಟ್, ಅಂದರೆ ಬೋರಾನಿನ ಲವಣ. ಒದ್ದೆ ಮಣ್ಣಿನಲ್ಲಿ ಇದು ಅತಿ ತೆಳುವಾದ ಎಳೆಗಳ ಉಂಡೆಯಾಗಿ ಬೆಳೆಯುತ್ತದೆ; ಮಣ್ಣು ಮೆತ್ತಿದ ಉಂಡೆ ಒಡೆದರೆ ಒಳಗೆ ಬಿಡಿಸಿದ ಹತ್ತಿಯಂತೆ ಬೆಳ್ಳಗೆ, ರೇಷ್ಮೆಯ ಹೊಳಪು. ಅಲ್ಲಿನವರು ಇಟ್ಟ ಹೆಸರೂ ಹತ್ತಿ ಉಂಡೆ ಎಂದೇ.

1881ರಲ್ಲಿ ಏರನ್ ವಿಂಟರ್ಸ್ ಮತ್ತು ಅವರ ಪತ್ನಿ ರೋಸಿ ಈ ಉಂಡೆಗಳ ಮೇಲೆ ಮದ್ಯಸಾರ ಮತ್ತು ಗಂಧಕಾಮ್ಲ ಸುರಿದು ಕಡ್ಡಿ ಗೀರಿದಾಗ ಜ್ವಾಲೆ ಹಸಿರಾಯಿತು. ಬೋರಾನ್ ಇದ್ದಾಗ ಮೂಡುವ ಹಸಿರು ಅದು. ಕಾರ್ಖಾನೆ 1883ರಿಂದ 1888ರವರೆಗೆ ನಡೆಯಿತು. ಬಿಳಿಗಾರವನ್ನು ಹೇಸರಗತ್ತೆಗಳ ಉದ್ದನೆಯ ಜೋಡಿಸಾಲು ಎಳೆಯುವ ಬಂಡಿಗಳಲ್ಲಿ 165 ಮೈಲಿ ದೂರದ ಮೊಹಾವಿ ರೈಲು ನಿಲ್ದಾಣಕ್ಕೆ ಸಾಗಿಸುತ್ತಿದ್ದರು. ಎಲ್ಲರೂ ಆ ಬಂಡಿಗಳ ಚಿತ್ರ ತೆಗೆಯುತ್ತಾರೆ. ರಸಾಯನದ ಆಸಕ್ತಿಯುಳ್ಳವರು ನೋಡಬೇಕಾದದ್ದು ತೊಟ್ಟಿಗಳನ್ನು. ಯುಲೆಕ್ಸೈಟನ್ನು ಸೋಡಾ ಹಾಕಿ ಕುದಿಸಿದರೆ ಕ್ಯಾಲ್ಸಿಯಂ ಸುಣ್ಣದ ಗಸಿಯಾಗಿ ಬೀಳುತ್ತದೆ, ಬಿಳಿಗಾರ ನೀರಿನಲ್ಲಿ ಉಳಿಯುತ್ತದೆ. ಆ ನೀರನ್ನು ತೊಟ್ಟಿಗೆ ಬಿಟ್ಟು ತಣಿಸಿದಾಗ ಬಿಳಿಗಾರ ಹರಳುಗಟ್ಟಬೇಕು. ಬೇಸಿಗೆಯಲ್ಲಿ ಇಲ್ಲಿ ನೀರು ತಣಿಯುವುದೇ ಇಲ್ಲ! ಹಾಗಾಗಿ ಆ ತಿಂಗಳುಗಳಲ್ಲಿ ಕೆಲಸವನ್ನು ಅಮರ್ಗೋಸಾದ ಕಡೆಗೆ, ಸ್ವಲ್ಪ ತಂಪಾದ ಜಾಗಕ್ಕೆ ಒಯ್ಯಬೇಕಾಯಿತು. ಅಡುಗೆ ಉಪ್ಪಿಗೆ ಈ ತೊಂದರೆಯಿಲ್ಲ: ಬಿಸಿ ನೀರಿನಲ್ಲೂ ತಣ್ಣೀರಿನಲ್ಲೂ ಅದು ಕರಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಬಿಳಿಗಾರ ಮತ್ತು ಮಿರಾಬಿಲೈಟ್ ತಂಪಿಗೆ ಬೀಳುವ ಲವಣಗಳು, ಹಾಲೈಟ್ ಬರೀ ಆವಿಗೆ ಬೀಳುವ ಲವಣ.

ತಟ್ಟೆಯಲ್ಲಿ ಒಂದು ಕಣಿವೆ

ಮನೆಯಲ್ಲಿ ಮೊದಲು ಜಿಪ್ಸಂ ನೀರು ಸಿದ್ಧಮಾಡಿಕೊಳ್ಳಿ: ಒಂದು ಲೀಟರ್ ಆರ್‌ಒ ನೀರಿಗೆ ಒಂದು ಚಮಚ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಚೆನ್ನಾಗಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ. ಅದರಲ್ಲಿ 300 ಮಿಲಿಲೀಟರಿಗೆ ಅರ್ಧ ಚಮಚ ಉಪ್ಪು ಕರಗಿಸಿ ಅಗಲವಾದ ಪಿಂಗಾಣಿ ತಟ್ಟೆಗೆ ಸುರಿದು ಬಿಸಿಲಿಗಿಡಿ. ಸ್ಟೀಲ್ ತಟ್ಟೆ ಬೇಡ, ತುಕ್ಕು ಬಂದು ಎಲ್ಲ ಕಂದಾಗುತ್ತದೆ. ತಟ್ಟೆಯ ಕಂಠಕ್ಕೆ ಬೆರಳಿನಿಂದ ತುಪ್ಪ ಸವರುವುದನ್ನು ಮರೆಯಬೇಡಿ. ಇಲ್ಲವಾದರೆ ಉಪ್ಪು ಅಂಚನ್ನು ಹತ್ತಿ ಹೊರಗಿಳಿದು, ಎರಡು ದಿನಗಳಲ್ಲಿ ಮೇಜಿನ ಮೇಲೇ ಬಯಲು ಮಾಡಿಬಿಡುತ್ತದೆ. ನನ್ನ ಮೊದಲ ಪ್ರಯತ್ನ ಹೀಗೆಯೇ ಹಾಳಾಯಿತು.

ನೀರು ಹಿಂದೆ ಸರಿದಂತೆ ಹೊರಗಿನ ಬಳೆಯಲ್ಲಿ ಮಸೂರಕ್ಕೆ ಮಾತ್ರ ಕಾಣುವ ಸೂಜಿಗಳು, ನಡುವಿನಲ್ಲಿ ಕೊನೆಗೆ ಕಣ್ಣಿಗೇ ಕಾಣುವ ಘನಗಳು ಸಿಗುತ್ತವೆ. ಎರಡರಿಂದಲೂ ಚೂರು ಚೂರು ತೆಗೆದು ಒಂದೊಂದು ಚಮಚ ನೀರಿಗೆ ಹಾಕಿ: ಘನಗಳು ಕ್ಷಣದಲ್ಲಿ ಮಾಯ, ಸೂಜಿಗಳು ಉಳಿಯುತ್ತವೆ. ಡೆತ್ ವ್ಯಾಲಿಯ ಎರಡನೆಯ ಮತ್ತು ಮೂರನೆಯ ವಲಯಗಳು ಅವೇ.

ಈಗ ಮೊದಲ ವಲಯಕ್ಕೆ, ಆ ನೀರಸ ಬೂದು ಮಣ್ಣಿಗೆ ಮರಳೋಣ. ಲಾರೆನ್ಸ್ ಹಾರ್ಡಿ ಮತ್ತು ಹ್ಯಾನ್ಸ್ ಯುಗ್‌ಸ್ಟರ್ ಎಂಬ ಭೂರಸಾಯನ ವಿಜ್ಞಾನಿಗಳು 1970ರಲ್ಲಿ ತೋರಿಸಿದ್ದು ಇದು: ಕ್ಯಾಲ್ಸೈಟ್ ಆಗಲು ಕ್ಯಾಲ್ಸಿಯಂ ಒಂದು, ಕಾರ್ಬೊನೇಟ್ ಒಂದು ಜೋಡಿಯಾಗಬೇಕು. ಜೋಡಿ ಕಟ್ಟುತ್ತ ಹೋದಾಗ ಯಾವುದು ಮೊದಲೇ ಕಡಿಮೆಯಿತ್ತೋ ಅದು ಪೂರ್ತಿ ತೀರುತ್ತದೆ, ಹೆಚ್ಚಿಗೆ ಇದ್ದದ್ದು ಉಳಿದು ಮುಂದೆ ಸಾಂದ್ರವಾಗುತ್ತ ಹೋಗುತ್ತದೆ. ಆರಂಭದಲ್ಲಿದ್ದ ಅತ್ಯಲ್ಪ ಅಂತರವೇ ಕೊನೆಯ ಉಪ್ಪುನೀರಿನ ಜಾತಿಯನ್ನು ನಿರ್ಧರಿಸುತ್ತದೆ. ಕ್ಯಾಲ್ಸಿಯಂ ಉಳಿದರೆ ಮುಂದೆ ಜಿಪ್ಸಂ, ಅದಾದ ಮೇಲೆ ಸಲ್ಫೇಟ್ ಮತ್ತು ಕ್ಲೋರೈಡುಗಳ ಬಯಲು. ಕಾರ್ಬೊನೇಟ್ ಉಳಿದರೆ ಜಿಪ್ಸಂ ಹುಟ್ಟುವುದೇ ಇಲ್ಲ. ಅದು ಸೋಡಾ ಸರೋವರವಾಗುತ್ತದೆ, ಅಲ್ಲಿ ಟ್ರೋನಾ ಹರಳುಗಟ್ಟುತ್ತದೆ. ಅಡುಗೆ ಸೋಡಾ ಮತ್ತು ಬಟ್ಟೆ ಸೋಡಾ ಎರಡೂ ಒಂದೇ ಹರಳಿನಲ್ಲಿ ನೀರಿನೊಂದಿಗೆ ಕೂಡಿದ ಖನಿಜ ಟ್ರೋನಾ. ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರವೂ, ಹಿಂದೆ ಅಗಸರು ಬಟ್ಟೆ ಒಗೆಯಲು ತರುತ್ತಿದ್ದ ಚೌಳು ಮಣ್ಣಿನ ಸತ್ತ್ವವೂ ಇದೇ ಕುಲದವು.

ಇದನ್ನು ಕಣ್ಣಾರೆ ನೋಡಲು ಅರಿಶಿನ ಬೇಕು. ಅರಿಶಿನದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕದಡಿ ಸೋಸಿ, ಸೋಸುಕಾಗದದ ಪಟ್ಟಿಗಳನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ. ಆರತಿಯ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪು ಓಕುಳಿ ಮಾಡುವವರಿಗೆ ಇದರ ಗುಣ ಹೇಳಬೇಕಾಗಿಲ್ಲ: ಕ್ಷಾರ ತಾಗಿದರೆ ಕೆಂಪು. ಎರಡು ಲೋಟಗಳಲ್ಲಿ 200 ಮಿಲಿಲೀಟರಿನಂತೆ ಜಿಪ್ಸಂ ನೀರು ತೆಗೆದುಕೊಂಡು, ಒಂದಕ್ಕೆ ಸಣ್ಣ ಚಿಟಿಕೆ ಬಟ್ಟೆ ಸೋಡಾ, ಇನ್ನೊಂದಕ್ಕೆ ಅರ್ಧ ಚಮಚ ಹಾಕಿ. ಎರಡೂ ಹಾಲಿನಂತಾಗುತ್ತವೆ; ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟ್. ತಿಳಿಯಾದ ಮೇಲೆ ಅರಿಶಿನದ ಪಟ್ಟಿ ಅದ್ದಿದರೆ ಮೊದಲ ಲೋಟದಲ್ಲಿ ಅದು ಬಹುತೇಕ ಹಳದಿಯಾಗಿಯೇ ಉಳಿಯುತ್ತದೆ, ಎರಡನೆಯದರಲ್ಲಿ ಕೆಂಪಾಗುತ್ತದೆ. ಇನ್ನೂ ಕೆಲವು ಹನಿ ಸೋಡಾ ನೀರು ಬಿಟ್ಟರೆ ಮೊದಲನೆಯದು ಮತ್ತೆ ಕದಡುತ್ತದೆ, ಎರಡನೆಯದು ತಿಳಿಯಾಗಿಯೇ ಇರುತ್ತದೆ. ಮೊದಲ ಲೋಟ ಡೆತ್ ವ್ಯಾಲಿ, ಎರಡನೆಯದು ರಾಜಸ್ಥಾನದ ಸಾಂಭರ್ ಸರೋವರ. ಚೌಳು ನೆಲಕ್ಕೆ ಜಿಪ್ಸಂ ಎರಚುವ ನಮ್ಮ ರೈತ ಎರಡನೆಯ ಲೋಟವನ್ನು ಮೊದಲನೆಯದರ ಕಡೆಗೆ ತಿರುಗಿಸಲು ನೋಡುತ್ತಾನೆ.

ಅರಿಶಿನ ಬಿಳಿಗಾರವನ್ನೂ ಹಿಡಿಯುತ್ತದೆ, ಆದರೆ ಇಲ್ಲಿ ಮೋಸಹೋಗುವ ಸಂಭವವಿದೆ. ಬಿಳಿಗಾರದ ನೀರು ತಾನೇ ಕ್ಷಾರವಾದ್ದರಿಂದ ಪಟ್ಟಿ ಹೇಗಿದ್ದರೂ ಕೆಂಪಾಗುತ್ತದೆ. ಹಾಗಾಗಿ ನಿಂಬೆರಸದ ಹನಿ ಹಾಕಿ ಆ ಕೆಂಪನ್ನು ಮೊದಲು ಅಳಿಸಿ ನೋಡಿ. ಹಳದಿಗೆ ಮರಳಿದರೆ ಅದು ಬರೀ ಕ್ಷಾರದ ಕೆಂಪು. ಅನಂತರ ದ್ರಾವಣಕ್ಕೆ ಪ್ರಯೋಗಾಲಯದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಹೊಸ ಪಟ್ಟಿಯನ್ನು ಅದ್ದಿ ನಿಧಾನವಾಗಿ ಒಣಗಿಸಿ. ಬೋರೇಟ್ ಇದ್ದರೆ ಆಮ್ಲವಿದ್ದರೂ ಕೆಂಗಂದು ಬಣ್ಣ ಮೂಡುತ್ತದೆ. ಅದರ ಮೇಲೆ ಸೋಡಾ ನೀರು ಸವರಿದರೆ ಕಡುಹಸಿರು ಕಪ್ಪಾಗುತ್ತದೆ. ವಿಂಟರ್ಸ್ ದಂಪತಿಯ ಬೆಂಕಿಯ ಪರೀಕ್ಷೆಯನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಮಾದರಿ ಬೇಕೆಂದರೆ

ಡೆತ್ ವ್ಯಾಲಿಯ ಪಶ್ಚಿಮಕ್ಕೆ, ಟ್ರೋನಾ ಎಂಬ ಹೆಸರಿನ ಊರಿನ ಬಳಿಯ ಸರ್ಲ್ಸ್ ಸರೋವರ ಕಾರ್ಬೊನೇಟ್ ಉಳಿದ ಜಾತಿಯದು. ಅಲ್ಲಿ ಸ್ಥಳೀಯ ಖನಿಜ ಸಂಘದವರು ಅಕ್ಟೋಬರ್ ತಿಂಗಳಲ್ಲಿ ನಡೆಸುವ ಜೆಮ್-ಒ-ರಾಮಾ ದಿನಗಳಲ್ಲಿ ಹಣ ಕೊಟ್ಟು ಕೆಸರಿಗಿಳಿದು ಹರಳು ಹೆಕ್ಕಬಹುದು. ಉಪ್ಪನ್ನು ಪ್ರೀತಿಸುವ ಸೂಕ್ಷ್ಮಜೀವಿಗಳಿಂದ ಗುಲಾಬಿ ಬಣ್ಣ ಪಡೆದ ಹಾಲೈಟ್ ಸಿಗುತ್ತದೆ; ಕಾರ್ಬೊನೇಟ್, ಸಲ್ಫೇಟ್, ಕ್ಲೋರೈಡ್ ಮೂರನ್ನೂ ಒಂದೇ ಹರಳಿನಲ್ಲಿ ಇಟ್ಟುಕೊಂಡ, ಷಟ್ಕೋನಾಕಾರದ ಹ್ಯಾಂಕ್ಸೈಟ್ ಸಿಗುತ್ತದೆ. ಭಾರತದಲ್ಲಿರುವವರಿಗೆ ಸಾಂಭರ್ ಹತ್ತಿರದ ಪಾಠಶಾಲೆ. ಅಲ್ಲಿನ ಸಾಂದ್ರವಾದ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಪಿಎಚ್ 9ರ ಮೇಲೆ, ಅಂದರೆ ನೀರು ಚೆನ್ನಾಗಿ ಕ್ಷಾರ. ಅದೇ ಸೀಮೆಯ ಡೀಡ್ವಾಣಾ ಸರೋವರದಲ್ಲಿ ಸೋಡಿಯಂ ಸಲ್ಫೇಟ್ ಹೇರಳ. ಸಾಂಭರ್ 1990ರಿಂದ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಯಲ್ಲಿರುವ ಹಕ್ಕಿಗಳ ತಾಣವೂ ಹೌದು, ಉಪ್ಪು ತಯಾರಿಸುವ ಜಾಗವೂ ಹೌದು. ಮಡಿಗಳಿಗೆ ಇಳಿಯುವ ಮುನ್ನ ಅಲ್ಲಿನವರನ್ನು ಕೇಳಿ.

ವಿನೆಗರ್ ಹನಿಗೆ ಕ್ಯಾಲ್ಸೈಟೂ ನೊರೆಯಾಡುತ್ತದೆ, ಟ್ರೋನಾ ಕೂಡ ನೊರೆಯಾಡುತ್ತದೆ. ನೀರಿನಲ್ಲಿ ಕರಗಿದರೆ ಟ್ರೋನಾ, ಕರಗದಿದ್ದರೆ ಕ್ಯಾಲ್ಸೈಟ್. ಹಾಲೈಟ್ ಲಂಬಕೋನದಲ್ಲಿ ಒಡೆಯುತ್ತದೆ, ಕ್ಯಾಲ್ಸೈಟ್ ಓರೆಯಾಗಿ.

ತಂದ ಹರಳಿನ ಕೆಸರನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಕೆಸರಿನ ಜೊತೆ ಹರಳೂ ಹೋಗುತ್ತದೆ. ಅದು ಬಂದ ಜಾಗದ ಉಪ್ಪುನೀರನ್ನೇ ಒಂದು ಡಬ್ಬಿಯಲ್ಲಿ ತುಂಬಿಕೊಂಡು ಬಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರಲ್ಲೇ ಉಜ್ಜಿ, ತಕ್ಷಣ ಬಟ್ಟೆಯಲ್ಲಿ ಒತ್ತಿ ಒರೆಸಿ, ಒಣಗಿದ ಮೇಲೆ ತೆಳುವಾಗಿ ಬೇಬಿ ಆಯಿಲ್ ಸವರಿ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಹಾಲೈಟ್ ತಾನೇ ನೀರು ಹೀರಿ ಕರಗತೊಡಗುತ್ತದೆ. ಮಂಗಳೂರಿನ ಜೂನ್ ತಿಂಗಳಲ್ಲಿ ಅದು ದಿನವಿಡೀ ಇರುವ ಸ್ಥಿತಿ, ಆದ್ದರಿಂದ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು. ಆದರೆ ಮಿರಾಬಿಲೈಟಿಗೆ ಇದೇ ಉಪಚಾರ ಮಾಡಿದರೆ ತಿಂಗಳೊಳಗೆ ಡಬ್ಬಿಯಲ್ಲಿ ಬಿಳಿ ಹಿಟ್ಟು ಉಳಿದಿರುತ್ತದೆ. ಅದನ್ನು ತನ್ನದೇ ಉಪ್ಪುನೀರಿನ ನಾಲ್ಕು ಹನಿಗಳೊಂದಿಗೆ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ವಿಷವೆಂದು ಚೀಟಿ ಅಂಟಿಸಿ ಇಡಬೇಕು.